ಚಿಮ್ಮುವ ವಾಂತಿಯೇ? ಮೊದಲು ಬಣ್ಣ ನೋಡಿ

ಕೂಸು ಹಾಲು ಕಕ್ಕಿದರೆ ‘ದೃಷ್ಟಿ ತಾಗಿದೆ’ ಎಂದು ಅಜ್ಜಿ ನಿವಾಳಿಸುತ್ತಾರೆ. ತೇಗಿನ ಜೊತೆ ಕಟವಾಯಿಯಿಂದ ಇಳಿಯುವ ಹಾಲಿಗೆ ಅಷ್ಟು ಸಾಕು. ಆದರೆ 3ರಿಂದ 6 ವಾರದ ಕೂಸು ಪ್ರತಿಸಲ ಕುಡಿದದ್ದನ್ನೆಲ್ಲ ದೂರಕ್ಕೆ ಚಿಮ್ಮಿ, ಕೂಡಲೇ ಹಸಿದು ಅಳುತ್ತಿದ್ದರೆ ಜಠರದ ಕೆಳಬಾಗಿಲು ಮುಚ್ಚಿಕೊಂಡಿರುವ ಅನುಮಾನ ಬರಬೇಕು. ಅಲ್ಲಿನ ಸ್ನಾಯು ದಪ್ಪಗಾಗಿ ಹಾಲು ಕರುಳಿಗೆ ಇಳಿಯುವುದಿಲ್ಲ. ಗಂಡು ಕೂಸುಗಳಲ್ಲಿ ಇದು ಸುಮಾರು ನಾಲ್ಕು ಪಟ್ಟು ಹೆಚ್ಚು.

ಮೊದಲು ಬಣ್ಣ ನೋಡಿ. ಈ ಕಾಯಿಲೆಯಲ್ಲಿ ಬರುವುದು ಹಾಲು, ಇಲ್ಲವೇ ಒಡೆದ ಹಾಲು. ಹಸಿರು ಬಂದರೆ ಕರುಳು ತಿರುಚಿರಬಹುದು, ಬೆಳಗಿನ ತನಕ ಕಾಯಬೇಡಿ. ಆಮೇಲೆ ಬಟ್ಟೆ ಎಷ್ಟು ಸಲ ಒದ್ದೆಯಾಗಿದೆ, ನೆತ್ತಿ ಗುಳಿ ಬಿದ್ದಿದೆಯೇ ನೋಡಿ. ಜ್ವರ 100.4 ಡಿಗ್ರಿ ದಾಟಿದ್ದರೆ, ಅಥವಾ ಕೂಸು ಮಂಕಾಗಿ ಮೊಲೆ ಹಿಡಿಯದಿದ್ದರೆ, ಬ್ಯಾಕ್ಟೀರಿಯಾ ಸೋಂಕು ರಕ್ತಕ್ಕೋ ಮೂತ್ರಕ್ಕೋ ಮಿದುಳಿನ ಪೊರೆಗೋ ತಗುಲಿರಬಹುದು. ಅದರಿಂದಲೂ ವಾಂತಿಯಾಗುತ್ತದೆ, ಅದೂ ತುರ್ತೇ.

ಹಾಗೆಂದು ಮೆಡಿಕಲ್ ಅಂಗಡಿಯಿಂದ ಆ್ಯಂಟಿಬಯಾಟಿಕ್ ತರಬೇಡಿ. ಹುಟ್ಟಿದ ಮೊದಲೆರಡು ವಾರದಲ್ಲಿ ಎರಿಥ್ರೋಮೈಸಿನ್, ಅಜಿಥ್ರೋಮೈಸಿನ್ ಕೊಟ್ಟ ಕೂಸುಗಳಲ್ಲಿ ಜಠರದ ಈ ಅಡ್ಡಿ ಹೆಚ್ಚು ಕಂಡಿದೆ. ನಾಯಿಕೆಮ್ಮಿಗೆ ವೈದ್ಯರೇ ಬರೆದಿದ್ದರೆ ನಿಲ್ಲಿಸಬೇಡಿ, ಮುಂದಿನ ವಾರಗಳಲ್ಲಿ ವಾಂತಿಯ ಮೇಲೆ ಕಣ್ಣಿಡಿ. ಗ್ರೈಪ್ ವಾಟರ್ ಯಾವುದಕ್ಕೂ ಮದ್ದಲ್ಲ.

ಆಶಾ ಕಾರ್ಯಕರ್ತೆ 21, 28, 42ನೇ ದಿನ ಮನೆಗೆ ಬರುತ್ತಾರೆ. ಈ ಕಾಯಿಲೆ ತಲೆ ಎತ್ತುವುದೂ ಅದೇ ದಿನಗಳಲ್ಲಿ. ತೂಕ ಹಾಕಿಸಿ, ಏರಿಲ್ಲದಿದ್ದರೆ ಹೊರಡಿ. ಕಣಕುಂಬಿ, ಜಾಂಬೋಟಿ ಕಡೆಯ ಮಳೆಯಲ್ಲಿ ಒಂದು ದಿನ ತಡ ಮಾಡಿದರೆ ಎರಡು ದಿನ ಹೋಗುತ್ತದೆ. 108ಕ್ಕೆ ಕರೆ ಮಾಡಿ ಖಾನಾಪುರ ತಾಲ್ಲೂಕು ಆಸ್ಪತ್ರೆಗೆ ಬನ್ನಿ. ಡ್ರಿಪ್ ಹಾಕಿಸಿಕೊಂಡೇ ಬೆಳಗಾವಿಗೆ ಹೋಗುವುದು ಒಳ್ಳೆಯದು. ಬಿಮ್ಸ್‌ನ ಜಿಲ್ಲಾ ಆಸ್ಪತ್ರೆಯಾಗಲಿ, ನೆಹರೂ ನಗರದ ಕೆಎಲ್ಇ ಆಸ್ಪತ್ರೆಯಾಗಲಿ, ಮಕ್ಕಳ ಶಸ್ತ್ರಚಿಕಿತ್ಸಕರು ಇದ್ದಾರೆಯೇ ಎಂದು ವೈದ್ಯರಿಂದಲೇ ಫೋನ್ ಮಾಡಿಸಿ. ಒಂದು ವರ್ಷದೊಳಗಿನ ಕೂಸಿಗೆ ಸರ್ಕಾರಿ ಆಸ್ಪತ್ರೆಯ ಚಿಕಿತ್ಸೆ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಉಚಿತ.

ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿ ಸ್ನಾಯು 3 ಮಿಲಿಮೀಟರಿಗಿಂತ ದಪ್ಪ ಕಂಡರೆ ರೋಗ ಖಚಿತ. ‘ಗೊತ್ತಾದ ಮೇಲೂ ಆಪರೇಷನ್ ಯಾಕೆ ಮಾಡುತ್ತಿಲ್ಲ?’ ಎಂದು ಮನೆಯವರು ಇಲ್ಲೇ ಸಿಟ್ಟಾಗುವುದು. ವಾಂತಿಯಲ್ಲಿ ಹೋದ ನೀರು, ಉಪ್ಪಿನಂಶ ತುಂಬದೆ ಅರಿವಳಿಕೆ ಕೊಡುವುದು ಅಪಾಯ, ಆ ಒಂದೆರಡು ದಿನ ಕಾಯಲೇಬೇಕು. ಬಿಗಿದ ಸ್ನಾಯುವನ್ನು ಉದ್ದಕ್ಕೆ ಸೀಳುವ ಈ ಆಪರೇಷನ್ ಜರ್ಮನಿಯ ರಾಮ್‌ಸ್ಟೆಡ್ 1912ರಲ್ಲಿ ಪ್ರಕಟಿಸಿದ್ದು. ಸಾಮಾನ್ಯವಾಗಿ ಅದೇ ದಿನ ಇಲ್ಲವೇ ಮರುದಿನ ಕೂಸು ಮತ್ತೆ ಹಾಲು ಕುಡಿಯುತ್ತದೆ.

ಶಾಲೆಗೆ ಹೋಗುವ ಮಗು ನಿನ್ನೆಯ ಊಟವನ್ನು ಇಂದು ವಾಂತಿ ಮಾಡಿದರೆ ಕಾರಣ ಬೇರೆ: ಹೆಲಿಕೋಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯಾದ ಹುಣ್ಣು ಗಾಯಗಟ್ಟಿ ಅದೇ ಬಾಗಿಲನ್ನು ಕಿರಿದಾಗಿಸಿರಬಹುದು. ಎಂಡೋಸ್ಕೋಪಿ ಬೇಕಾಗುತ್ತದೆ.

ಹೊರಡುವಾಗ ತಾಯಿ ಕಾರ್ಡ್ ಮತ್ತು ಈವರೆಗೆ ಕೊಟ್ಟ ಔಷಧಿಯ ಬಾಟಲಿಗಳನ್ನು, ಖಾಲಿಯಾಗಿದ್ದರೂ, ಚೀಲಕ್ಕೆ ಹಾಕಿಕೊಳ್ಳಿ.