ಹಳೆಯ ಕಾರನ್ನು ಹೊಗೆ ತಪಾಸಣೆಗೆ ಅಣಿಗೊಳಿಸುವ ಕ್ರಮ

ಖಾಸಗಿ ಕಾರಿನ ನೋಂದಣಿಗೆ 15 ವರ್ಷ ತುಂಬಿದ ಬಳಿಕ ಅದನ್ನು ಐದೈದು ವರ್ಷಗಳಿಗೆ ನವೀಕರಿಸಿಕೊಳ್ಳಬೇಕೆಂಬ ವಿಧಿಯಿರುವುದರಿಂದ, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಕೆಎ-64 ವಾಹನಗಳ ಒಡೆಯರು ಒಂದಲ್ಲ ಒಂದು ದಿನ ಫಿಟ್‌ನೆಸ್ ಸರ್ಟಿಫಿಕೇಟಿಗೆಂದು (ಎಫ್‌ಸಿ) ಮಧುಗಿರಿಯ ಸಾರಿಗೆ ಕಚೇರಿಗೆ ಬರಲೇಬೇಕು. ಆಗ ಕೈಯಲ್ಲಿರಬೇಕಾದ ಪತ್ರಗಳಲ್ಲಿ ಹಳೆಯ ಕಾರಿನವರನ್ನು ಹೆಚ್ಚಾಗಿ ಕಾಡುವುದು ಎಮಿಷನ್ ಟೆಸ್ಟಿನ ಸರ್ಟಿಫಿಕೇಟು.

ಮೊದಲು ಆರ್‌ಸಿಯನ್ನು ತೆಗೆದು, ಕಾರು ಹೊಗೆ ನಿಯಮದ ಯಾವ ಭಾರತ್ ಸ್ಟೇಜಿಗೆ (ಬಿಎಸ್) ಸೇರಿದುದೆಂಬುದನ್ನು ನೋಡಿರಿ. ಐಡ್ಲಿಂಗ್‌ನಲ್ಲಿ ಬಿಎಸ್-4 ಪೆಟ್ರೋಲ್ ಕಾರು ಶೇ 0.3ರಷ್ಟು ಕಾರ್ಬನ್ ಮಾನಾಕ್ಸೈಡನ್ನೂ 200 ಪಿಪಿಎಂ ಹೈಡ್ರೋಕಾರ್ಬನ್ನನ್ನೂ ಮೀರಕೂಡದು; ಬಿಎಸ್-3ಕ್ಕೆ ಈ ಮಿತಿ ಶೇ 0.5 ಮತ್ತು 750 ಪಿಪಿಎಂ. ಬಿಎಸ್-4ರ ಸರ್ಟಿಫಿಕೇಟು ಒಂದು ವರ್ಷ, ಅದಕ್ಕಿಂತ ಹಳೆಯದರದು ಆರು ತಿಂಗಳು ನಡೆಯುವುದು.

ಬಿಎಸ್-4 ಕಾರುಗಳಲ್ಲಿ, ವಿಶೇಷವಾಗಿ 2013ರಿಂದೀಚಿನವುಗಳಲ್ಲಿ, ಆಕ್ಸಿಜನ್ ಸೆನ್ಸರು, ಕ್ಯಾಟಲಿಟಿಕ್ ಕನ್ವರ್ಟರು ಮುಂತಾದವನ್ನು ಎಂಜಿನ್ನಿನ ಗಣಕವೇ ಓಡಾಟದ ನಡುವೆ ಪರೀಕ್ಷಿಸಿಕೊಳ್ಳುತ್ತಿರುತ್ತದೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಈ ಸ್ವಯಂಪರೀಕ್ಷೆಗಳು ಪೂರ್ಣವಾಗದಿದ್ದರೆ ಕಾರನ್ನೇ ಹಿಂದಿರುಗಿಸುವರು. ನಮ್ಮಲ್ಲಿ ಅಳೆಯುವುದು ಸೈಲೆನ್ಸರಿನೊಳಕ್ಕೆ ಕೊಳವೆಯನ್ನಿಳಿಸಿ ಹೀರಿದ ಅನಿಲವನ್ನು ಮಾತ್ರ. ಆದರೂ ಆ ಪರೀಕ್ಷೆಗಳ ಫಲವನ್ನು ಮುಂಚಿತವಾಗಿ ಓದಿಕೊಂಡವನಿಗೆ ಟೆಸ್ಟಿಂಗ್ ಸೆಂಟರಿನಲ್ಲಿ ಮುಖಭಂಗವಾಗುವ ಸಂಭವ ಕಡಿಮೆ. ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರನ್ನು ಚುಚ್ಚಿದರೆ ದೋಷದ ಕೋಡುಗಳೂ, ಯಾವ ಪರೀಕ್ಷೆ ಮುಗಿದಿದೆ, ಯಾವುದು ಉಳಿದಿದೆ ಎಂಬ ಪಟ್ಟಿಯೂ ಕಾಣುವುವು.

ಇಲ್ಲಿಯೇ ಅನೇಕರು ಎಡವುವುದು. ಎಂಜಿನ್ನಿನ ದೋಷವನ್ನು ಸೂಚಿಸುವ ಡ್ಯಾಶ್‌ಬೋರ್ಡಿನ ಹಳದಿ ದೀಪವನ್ನು ನಂದಿಸಲು ಬ್ಯಾಟರಿಯ ತಂತಿಯನ್ನು ಕಳಚಿ ಮತ್ತೆ ಸಿಕ್ಕಿಸುವ ಉಪಾಯವನ್ನು ಕೆಲವು ಮೆಕ್ಯಾನಿಕ್ಕುಗಳು ಬಹು ಉದಾರವಾಗಿ ಬೋಧಿಸುವರು. ದೀಪವೇನೋ ಆರುವುದು, ಅದರೊಡನೆ ಮುಗಿದಿದ್ದ ಪರೀಕ್ಷೆಗಳೂ ಎಂಜಿನ್ ಕಲಿತುಕೊಂಡಿದ್ದ ಇಂಧನದ ಹದವೂ ಅಳಿಸಿಹೋಗಿ, ದೋಷ ಮಾತ್ರ ಇದ್ದಲ್ಲಿಯೇ ಉಳಿಯುವುದು. ಆದುದರಿಂದ ಕೋಡನ್ನು ಓದಿ, ದೋಷವನ್ನು ರಿಪೇರಿ ಮಾಡಿಸಿ, ಆಮೇಲೆಯೇ ಅಳಿಸತಕ್ಕದ್ದು. ಏರ್ ಫಿಲ್ಟರು, ಪ್ಲಗ್ಗು, ಎಂಜಿನ್ ಆಯಿಲ್ಲುಗಳ ಸರದಿಯನ್ನೂ ಆಗಲೇ ಮುಗಿಸಿಬಿಡಿ. ಸೈಲೆನ್ಸರಿನಲ್ಲಿ ತೂತಿದ್ದರೆ ಹೊರಗಿನ ಗಾಳಿ ಬೆರೆತು ಅಂಕಿಗಳೇ ಕೆಡುವುವು. ಎಂಜಿನ್ ತಣ್ಣಗಿರುವಾಗ ಸೈಲೆನ್ಸರಿನ ಬಾಯೊಳಗೆ ಬೆರಳಾಡಿಸಿ ನೋಡಿರಿ: ಒಣ ಕಪ್ಪು ಮಸಿ ಹತ್ತಿದರೆ ಪೆಟ್ರೋಲ್ ಹೆಚ್ಚಾಗಿ ಉರಿಯುತ್ತಿದೆ, ಜಿಡ್ಡು ಹತ್ತಿದರೆ ಆಯಿಲ್ ಸುಡುತ್ತಿದೆ.

ರಿಪೇರಿಯ ಬಳಿಕ, ಕೋಡಿನೊಡನೆ ಅಳಿಸಿಹೋದ ಸ್ವಯಂಪರೀಕ್ಷೆಗಳು ಮತ್ತೆ ಪೂರ್ಣವಾಗಲೆಂದು ಓಡಾಟ. ರಾತ್ರಿಯೆಲ್ಲ ನಿಂತ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿ, ಎರಡು ಮೂರು ನಿಮಿಷ ಹಾಗೆಯೇ ಬಿಟ್ಟು, ಊರ ಬೀದಿಗಳಲ್ಲಿ ನಿಂತು ನಡೆದು, ಅನಂತರ ತೆರೆದ ರಸ್ತೆಯಲ್ಲಿ ಕಾಲು ಗಂಟೆ ಒಂದೇ ವೇಗದಲ್ಲಿ ಸಾಗಿ, ಹಿಂದೆ ವಾಹನವಿಲ್ಲದಾಗ ಗೇರಿನಲ್ಲಿಯೇ ಇಟ್ಟು ಆಕ್ಸಿಲರೇಟರನ್ನು ಪೂರ್ತಿ ಬಿಟ್ಟು ವೇಗ ತಾನಾಗಿ ಇಳಿಯುವಂತೆ ಕೆಲವು ಸಲ ಮಾಡಬೇಕು. ಶಿರಾದವರಿಗೆ ಇದಕ್ಕೆ 48ನೇ ರಾಷ್ಟ್ರೀಯ ಹೆದ್ದಾರಿ ಮನೆಬಾಗಿಲಲ್ಲಿಯೇ ಉಂಟು. ಪಾವಗಡದಿಂದ ಮಧುಗಿರಿಗೆ ಬರುವ ಕಾರಾದರೋ ದಾರಿಯಲ್ಲಿಯೇ ಈ ವಿಧಿಯ ಬಹುಭಾಗವನ್ನು ಪೂರೈಸಿಕೊಂಡಿರುವುದರಿಂದ, ಪಕ್ಕದ ಬೀದಿಯಿಂದ ತಣ್ಣನೆಯ ಎಂಜಿನ್ನಿನೊಡನೆ ಬರುವ ಮಧುಗಿರಿಯ ಕಾರಿಗಿಂತ ಅದಕ್ಕೇ ಅನುಕೂಲ ಹೆಚ್ಚು. ಒಂದೆರಡು ದಿನ ಹೀಗೆ ಓಡಿಸಿ ಮತ್ತೊಮ್ಮೆ ಸ್ಕ್ಯಾನರನ್ನು ನೋಡಿ.

ಟೆಸ್ಟಿನ ದಿನ ಎಂಜಿನ್ ಬಿಸಿಯಾಗಿರುವಾಗಲೇ ಸೆಂಟರನ್ನು ತಲುಪಿ. ಸಾಲಿದ್ದರೆ ಆಫ್ ಮಾಡಿ ಬಹಳ ಹೊತ್ತು ನಿಲ್ಲಿಸಬೇಡಿ. ಏಸಿಯನ್ನು ಆರಿಸಿರಿ. ಸರ್ಟಿಫಿಕೇಟು ಕೈಗೆ ಬಂದೊಡನೆ ಗಾಡಿಯ ನಂಬರನ್ನೂ ಬಿಎಸ್ ಹಂತವನ್ನೂ ಅಲ್ಲಿಯೇ ನಿಂತು ಓದಿಕೊಂಡು, ತಪ್ಪಿದ್ದರೆ ತಿದ್ದಿಸಿಕೊಂಡೇ ಹೊರಡಿ.