ಕೆಂಚಿಗೆ ಅರ್ಧ ಟಿಕೆಟ್

ನಾಯಿ ಸಾಕಿದ ಮನೆಯಲ್ಲಿ ರಜೆ ಅಂದ ಕೂಡಲೇ ಒಂದು ಲೆಕ್ಕ ಶುರುವಾಗುತ್ತದೆ. ಬಿಟ್ಟು ಹೋದರೆ ಎಷ್ಟು, ಕರೆದುಕೊಂಡು ಹೋದರೆ ಎಷ್ಟು? ಬಹಳ ಮಂದಿ ಎರಡನೆಯದೇ ದುಬಾರಿ ಎಂದು ಲೆಕ್ಕ ಹಾಕುವ ಮೊದಲೇ ತೀರ್ಮಾನಿಸಿಬಿಟ್ಟಿರುತ್ತಾರೆ. ನಮ್ಮ ಮನೆಯ ಲೆಕ್ಕದ ಪುಸ್ತಕ ಹಾಗೆ ಹೇಳುವುದಿಲ್ಲ. ಬೆಂಗಳೂರಿನಲ್ಲಿ ನಮ್ಮ ಬಡಾವಣೆಯ ಸುತ್ತ ನಾಯಿಗಳನ್ನು ಇಟ್ಟುಕೊಳ್ಳುವ ಬೋರ್ಡಿಂಗ್‌ಗಳು ದಿನಕ್ಕೆ ₹800ರಿಂದ ₹1,000 ಕೇಳುತ್ತವೆ, ಡಿಸೆಂಬರ್ ಕೊನೆಯ ವಾರದಲ್ಲಿ ಇನ್ನೂ ಜಾಸ್ತಿ. ಮೂರು ದಿನಕ್ಕೆ ₹2,700 ಎಂದಿಟ್ಟುಕೊಳ್ಳಿ. ಸಕಲೇಶಪುರದ ಕಡೆ ನಾವು ಹೋಗುವ ಹೋಂಸ್ಟೇಯವರು ಕೆಂಚಿಗೆ ರಾತ್ರಿಗೆ ₹500 ತೆಗೆದುಕೊಳ್ಳುತ್ತಾರೆ. ಅವಳ ಅನ್ನ, ಮೊಟ್ಟೆ ಎಲ್ಲ ಅದರಲ್ಲೇ ಬಂತು. ಎರಡು ರಾತ್ರಿಗೆ ₹1,000. ಹೇಗೂ ರಜೆಗೆ ಹೋಗುವವರಿಗೆ, ನಾಯಿಯನ್ನು ಜೊತೆಗೆ ಕರೆದೊಯ್ಯುವುದೇ ಅಗ್ಗ.

ಕೆಂಚಿ ನಮ್ಮ ಬೀದಿಯಲ್ಲೇ ಹುಟ್ಟಿದ ನಾಡತಳಿ. ಕೆಂಪು ಮೈ, ಉದ್ದ ಕಾಲು, ಹದಿನೆಂಟು ಕೆಜಿ ತೂಕ. ಅವಳನ್ನು ಕರೆದುಕೊಂಡು ಸುತ್ತಲು ಶುರುಮಾಡಿದ ಮೇಲೆ ನಮ್ಮ ರಜೆಯ ಆಕಾರವೇ ಬದಲಾಯಿತು. ದೂರದ ಊರುಗಳು ಕೈಬಿಟ್ಟವು, ವಿಮಾನ ಕೈಬಿಟ್ಟಿತು. ಶನಿವಾರ–ಭಾನುವಾರದ ಗದ್ದಲ ಅವಳಿಗೆ ಆಗುವುದಿಲ್ಲ, ಹಾಗಾಗಿ ನಾವು ಸೋಮವಾರ ಹೊರಟು ಬುಧವಾರ ಬರುವವರಾದೆವು. ವಾರದ ನಡುವೆ ಅದೇ ಕೋಣೆ ಸಾವಿರ, ಸಾವಿರದೈನೂರು ಕಡಿಮೆಗೆ ಸಿಗುತ್ತದೆ. ಉಳಿತಾಯ ಮಾಡಬೇಕೆಂದು ಹೀಗೆ ಮಾಡಿದ್ದಲ್ಲ, ಆದರೂ ವರ್ಷದ ಕೊನೆಗೆ ಕೂಡಿ ನೋಡಿದಾಗ ಪ್ರವಾಸದ ಖರ್ಚು ಹಿಂದಿಗಿಂತ ಇಳಿದಿತ್ತು.

ಈಗ ನಾಯಿಗಳಿಗೆಂದೇ ರೆಸಾರ್ಟ್‌ಗಳು ಬಂದಿವೆ. ಈಜುಕೊಳ, ನಾಯಿಗೆ ಪ್ರತ್ಯೇಕ ಮೆನು, ಹುಟ್ಟುಹಬ್ಬದ ಕೇಕು. ಕೋಣೆ ₹9,000ದ ಆಸುಪಾಸು. ದಿನಕ್ಕೆ ₹7,500 ದಾಟಿದ ಕೋಣೆಗೆ ಜಿಎಸ್‌ಟಿ 18%, ಅದರ ಒಳಗಿದ್ದರೆ 2025ರ ಸೆಪ್ಟೆಂಬರ್ 22ರಿಂದ 5% ಮಾತ್ರ. ಎರಡು ರಾತ್ರಿಗೆ ತೆರಿಗೆ ಸೇರಿ ₹21,240 ಆಯಿತು. ನಮ್ಮ ಹೋಂಸ್ಟೇಯಲ್ಲಿ ಇಬ್ಬರಿಗೆ ಊಟ ಸಮೇತ ರಾತ್ರಿಗೆ ₹3,500. ವರ್ಷಕ್ಕೆ ₹20 ಲಕ್ಷದೊಳಗಿನ ವಹಿವಾಟಿನ ಇಂಥ ಸಣ್ಣ ಮನೆಗಳು ಜಿಎಸ್‌ಟಿ ನೋಂದಣಿಯ ಹೊರಗಿರುವುದರಿಂದ ಬಿಲ್ಲಿನ ಮೇಲೆ ತೆರಿಗೆಯೂ ಇಲ್ಲ. ಈ ಅಂತರವನ್ನು ನಾನು ಜಿಪುಣತನದಿಂದ ಹೇಳುತ್ತಿಲ್ಲ. ಕೆಂಚಿಗೆ ಬೇಕಾದದ್ದು ಒದ್ದೆ ಮಣ್ಣಿನ ವಾಸನೆ, ಮೂಸಿ ನೋಡಲು ಹೊಸ ಬೇಲಿಗಳು, ಮತ್ತು ಇಡೀ ದಿನ ಫೋನು ಕೆಳಗಿಟ್ಟು ಜೊತೆಗಿರುವ ನಾವು. ಇದರಲ್ಲಿ ಯಾವುದಕ್ಕೂ ರೆಸಾರ್ಟಿನವರು ಬಿಲ್ಲು ಹಾಕಲಾರರು.

ಹೋಗುವ ದಾರಿಯ ಮಾತಿಗೆ ಬರೋಣ. ಕಾರಿಲ್ಲದಿದ್ದರೆ ನಾಯಿಯೊಂದಿಗೆ ಪ್ರಯಾಣ ಆಗದು ಎಂದುಕೊಂಡವರಿಗೆ ಕೆಎಸ್‌ಆರ್‌ಟಿಸಿಯ ಸಂಗತಿ ಗೊತ್ತಿರಲಿ. ಹಿಂದೆ ನಾಯಿಗೆ ಪೂರ್ತಿ ಟಿಕೆಟ್ ಇತ್ತು. 2022ರಲ್ಲಿ ನಿಯಮ ಬದಲಾಗಿ ಅರ್ಧ ಟಿಕೆಟ್ ಆಯಿತು. ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಕರೆದೊಯ್ಯಬಹುದು, ರಾಜಹಂಸ, ಸ್ಲೀಪರ್, ಎಸಿ ಬಸ್ಸುಗಳಲ್ಲಿ ಇಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಇದೇ ಬಸ್ಸುಗಳಲ್ಲಿ ಹೆಂಗಸರಿಗೆ ಪ್ರಯಾಣ ಉಚಿತ. ಹಾಗಾಗಿ ತಿಪಟೂರಿನ ಹತ್ತಿರದ ನನ್ನ ತವರಿಗೆ ಹೊರಟರೆ ನನಗೆ ಶೂನ್ಯ ದರದ ಚೀಟಿ, ಕೆಂಚಿಗೆ ಅರ್ಧ ಟಿಕೆಟ್. ನೂರು ರೂಪಾಯಿಯ ಆಸುಪಾಸಿನಲ್ಲಿ ನಾವಿಬ್ಬರೂ ತೆಂಗಿನ ತೋಟದಲ್ಲಿರುತ್ತೇವೆ. ಮಧ್ಯಾಹ್ನದ ಖಾಲಿ ಬಸ್ಸು ಹಿಡಿಯುವುದು, ಬಾಯಿಗೆ ಮಜಲ್ ಹಾಕುವುದು, ಹೊರಡುವ ನಾಲ್ಕೈದು ಗಂಟೆ ಮೊದಲೇ ಊಟ ಮುಗಿಸುವುದು, ರೇಬೀಸ್ ಲಸಿಕೆಯ ಪುಸ್ತಕ ಕೈಚೀಲದಲ್ಲಿಡುವುದು ನನ್ನ ರೂಢಿ. ಪಕ್ಕದಲ್ಲಿ ಕೂರುವವರನ್ನು ಮೊದಲೇ ಒಂದು ಮಾತು ಕೇಳಿಬಿಡುತ್ತೇನೆ. ಹೆದರುವವರು ಇದ್ದೇ ಇರುತ್ತಾರೆ, ಅವರ ಹೆದರಿಕೆಗೂ ಬೆಲೆ ಕೊಡಬೇಕು.

ರೈಲು ಮಾತ್ರ ನನ್ನ ಲೆಕ್ಕಕ್ಕೆ ಒಗ್ಗಲಿಲ್ಲ. ನಾಯಿ ನಮ್ಮ ಜೊತೆಯಲ್ಲೇ ಇರಬೇಕಾದರೆ ಮೊದಲ ದರ್ಜೆಯಲ್ಲಿ ಎರಡು ಬರ್ತಿನ ಕೂಪೆಯನ್ನೋ ನಾಲ್ಕು ಬರ್ತಿನ ಕ್ಯಾಬಿನ್ನನ್ನೋ ಪೂರ್ತಿ ನಾವೇ ತೆಗೆದುಕೊಳ್ಳಬೇಕು. ಕೂಪೆ ಸಿಕ್ಕಿತೋ ಇಲ್ಲವೋ ತಿಳಿಯುವುದು ಚಾರ್ಟ್ ಆದ ಮೇಲೆ. ಸಿಗದಿದ್ದರೆ ಬ್ರೇಕ್ ವ್ಯಾನಿನ ನಾಯಿಪೆಟ್ಟಿಗೆ. ಕತ್ತಲು, ಸದ್ದು, ಗೊತ್ತಿಲ್ಲದ ನಿಲ್ದಾಣಗಳ ನಡುವೆ ಅವಳನ್ನು ಒಬ್ಬಳೇ ಕೂರಿಸಲು ನನಗೆ ಮನಸ್ಸಿಲ್ಲ. ಸಕಲೇಶಪುರಕ್ಕೆ ಕಾರೇ ಸರಿ. ಹೋಗಿಬರಲು 440 ಕಿಲೋಮೀಟರು, ಪೆಟ್ರೋಲಿಗೆ ಸುಮಾರು ₹3,000. ರಾಷ್ಟ್ರೀಯ ಹೆದ್ದಾರಿಗಳಿಗೆ 2025ರ ಆಗಸ್ಟ್ 15ರಿಂದ ಬಂದ ಫಾಸ್ಟ್ಯಾಗ್ ವಾರ್ಷಿಕ ಪಾಸಿನಲ್ಲಿ ಶುರುವಿಗೆ ₹3,000ಕ್ಕೆ 200 ಸಲ ಟೋಲ್ ದಾಟಬಹುದಿತ್ತು, ಅಂದರೆ ಒಂದು ದಾಟಿಗೆ ₹15. ಆಗಾಗ ಊರಿಗೂ ಕಾರಿನಲ್ಲಿ ಓಡಾಡುವವರಿಗೆ ಇದು ಒಳ್ಳೆಯ ಲಾಭ.

ಇಷ್ಟೆಲ್ಲ ಉಳಿಸಿದ ಹಣವನ್ನು ನಾನು ಒಂದೇ ಕಡೆ ಧಾರಾಳವಾಗಿ ಸುರಿಯುತ್ತೇನೆ. ಅದು ಉಣ್ಣೆಯ ವಿರುದ್ಧ.

ನಾಯಿಯ ಪ್ರವಾಸದ ದೊಡ್ಡ ಬಿಲ್ಲು ಪ್ರವಾಸದಲ್ಲಿ ಬರುವುದಿಲ್ಲ, ಮನೆಗೆ ಬಂದ ಮೇಲೆ ಬರುತ್ತದೆ. ಉಣ್ಣೆ ಕಚ್ಚಿದ ಒಂದರಿಂದ ಮೂರು ವಾರದೊಳಗೆ ಎರ್ಲಿಕಿಯ ಸೋಂಕು ತಲೆ ಎತ್ತುತ್ತದೆ. ಎಲ್ಲರ ಬಾಯಲ್ಲೂ ಅದು ಟಿಕ್ ಫೀವರ್. ನಾಯಿ ಮೂಲೆ ಹಿಡಿಯುತ್ತದೆ, ಊಟ ಬಿಡುತ್ತದೆ, ಪ್ಲೇಟ್‌ಲೆಟ್ ಇಳಿಯುತ್ತದೆ, ಕೆಲವಕ್ಕೆ ಮೂಗಿನಿಂದ ರಕ್ತ. ಪ್ರವಾಸ ಮುಗಿದು ದಿನಗಳೇ ಕಳೆದಿರುವುದರಿಂದ ಎರಡಕ್ಕೂ ಸಂಬಂಧ ಇದೆಯೆಂದು ಯಾರಿಗೂ ಹೊಳೆಯುವುದಿಲ್ಲ. ನನ್ನ ಸೋದರತ್ತೆಯ ಮಗಳ ಲ್ಯಾಬ್ರಡಾರ್ ಮಲೆನಾಡಿನಿಂದ ಬಂದ ಮೇಲೆ ಹೀಗೆ ಮಲಗಿತು. ರಕ್ತಪರೀಕ್ಷೆ, ಡ್ರಿಪ್ಪು, ನಾಲ್ಕು ವಾರ ಡಾಕ್ಸಿಸೈಕ್ಲಿನ್, ಮತ್ತೆ ಮತ್ತೆ ಪ್ಲೇಟ್‌ಲೆಟ್ ಎಣಿಕೆ ಎಲ್ಲ ಸೇರಿ ಹದಿನೆಂಟು ಸಾವಿರ ದಾಟಿತು. ನಾಯಿ ಉಳಿಯಿತು, ಅದು ದೊಡ್ಡದು. ಪಶುವೈದ್ಯರ ಚಿಕಿತ್ಸಾ ಸೇವೆಗೆ ಜಿಎಸ್‌ಟಿ ಇಲ್ಲವೆಂಬುದಷ್ಟೇ ಆ ಬಿಲ್ಲಿನಲ್ಲಿ ಸಮಾಧಾನ. ಪ್ಯಾಕೆಟ್ಟಿನ ನಾಯಿ ಆಹಾರಕ್ಕಾದರೆ 18% ಕೊಡುತ್ತೇವೆ.

ತಿಂಗಳಿಗೊಮ್ಮೆ ಕೊಡುವ ಉಣ್ಣೆ ಮಾತ್ರೆಗೆ ಕೆಂಚಿಯ ತೂಕಕ್ಕೆ ನನಗೆ ಏಳೆಂಟುನೂರು ಬೀಳುತ್ತದೆ. ವರ್ಷವಿಡೀ ಕೊಟ್ಟರೂ ಹತ್ತು ಸಾವಿರದ ಒಳಗೆ. ನಗರದಲ್ಲೂ ಉಣ್ಣೆ ಇರುವುದರಿಂದ ಇದು ಬರೀ ಪ್ರವಾಸದ ಖರ್ಚೂ ಅಲ್ಲ. ಮಾತ್ರೆ ಕೊಟ್ಟಮೇಲೂ ಪ್ರತಿ ಸಂಜೆ ಕಿವಿಯ ಒಳಮಗ್ಗುಲು, ಬೆರಳ ಸಂದಿ, ಕಂಕುಳು, ಬಾಲದ ಬುಡ ತಡವಿ ನೋಡಬೇಕು. ಅದಕ್ಕೆ ಖರ್ಚಿಲ್ಲ, ಅವಳಿಗೂ ಇಷ್ಟ. ವರ್ಷದ ಲಸಿಕೆಯಲ್ಲಿ ಇಲಿಜ್ವರದ್ದೂ ಸೇರಿದೆಯೇ ಎಂದು ವೈದ್ಯರನ್ನು ಕೇಳಿಕೊಳ್ಳಿ, ಗದ್ದೆಯ ನಿಂತ ನೀರಿಗೆ ಬಾಯಿ ಹಾಕದ ನಾಯಿ ನಾನು ಕಂಡಿಲ್ಲ.

ಮನುಷ್ಯರ ಪಾಲಿನ ಉಣ್ಣೆಯ ಭಯವೂ ಇದೆ. ಮಂಗನ ಕಾಯಿಲೆ ಮೊದಲು ಗುರುತಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರಿನಿಂದ ಮೇವರೆಗೆ ಅದರ ಕಾಲ. ಆ ತಿಂಗಳುಗಳಲ್ಲಿ ತೀರ್ಥಹಳ್ಳಿ, ಸಾಗರದ ಕಡೆಯ ಜನ ಕಾಡಿಗೆ ಹೋಗುವಾಗ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿಕೊಳ್ಳುತ್ತಾರೆ. ದರಗು ಬಿದ್ದ ಕಾಡುದಾರಿಯಲ್ಲಿ ನಾಯಿಯನ್ನು ಹೊರಳಾಡಿಸಿ ಅದೇ ರಾತ್ರಿ ಹಾಸಿಗೆಗೆ ಹತ್ತಿಸಿಕೊಳ್ಳುವ ಕಾಲ ಅದಲ್ಲ.

ತೋಟದವರನ್ನು ಫೋನಿನಲ್ಲೇ ಕೇಳಿಕೊಳ್ಳಬೇಕಾದ ಮಾತುಗಳು ಇನ್ನಷ್ಟಿವೆ. ಚಿರತೆ ಓಡಾಟ ಉಂಟೇ? ಕಾಫಿ ಸೀಮೆಯಲ್ಲಿ ಚಿರತೆಗೆ ನಾಯಿ ಸಲೀಸು ಬೇಟೆ, ಕತ್ತಲಾದ ಮೇಲೆ ಕೆಂಚಿ ನಮ್ಮ ಕೋಣೆಯ ಒಳಗೇ. ಕಾಡುಹಂದಿಗೆಂದು ಬೇಲಿಯಲ್ಲಿ ಕದ್ದು ಒಡ್ಡಿದ ತಂತಿಯ ಉರುಳಿಗೆ ಎಷ್ಟೋ ನಾಯಿಗಳು ಸಿಕ್ಕಿವೆ, ಅದಕ್ಕೇ ಹಗ್ಗ ಬಿಚ್ಚುವುದು ಅಂಗಳದಲ್ಲಿ ಮಾತ್ರ. ಅಡಿಕೆ ತೋಟವಾದರೆ ಮಳೆಗಾಲದಲ್ಲಿ ಬೋರ್ಡೋ ದ್ರಾವಣ ಹೊಡೆದಿರುತ್ತಾರೆ. ಮೈಲುತುತ್ತ ಬೆರೆತ ಆ ಹುಲ್ಲನ್ನು ನಾಯಿ ನೆಕ್ಕಬಾರದು. ಇದಕ್ಕೆಲ್ಲ ಬೇಸರವಿಲ್ಲದೆ ಉತ್ತರ ಕೊಡುವ ಮನೆಯವರು ಸಿಕ್ಕರೆ ಅಲ್ಲಿಗೇ ಮತ್ತೆ ಮತ್ತೆ ಹೋಗಿ. ನಾಯಿ ಸಾಕಿ ಗೊತ್ತಿರುವ ಮನೆ ಅದು.

ಬಂಡೀಪುರ, ನಾಗರಹೊಳೆ, ಕುದುರೆಮುಖದಂಥ ರಾಷ್ಟ್ರೀಯ ಉದ್ಯಾನಗಳಿಗೂ ಪುಷ್ಪಗಿರಿ ಅಭಯಾರಣ್ಯದಲ್ಲಿರುವ ಕುಮಾರಪರ್ವತಕ್ಕೂ ನಾಯಿಯನ್ನು ಒಯ್ಯುವಂತಿಲ್ಲ. ಚಾರಣದ ಶುಲ್ಕ ಕಟ್ಟಿ ಗೇಟಿನಲ್ಲಿ ವಾದಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. 2018ರಲ್ಲಿ ಗಿರ್ ಕಾಡಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಕೆಲವೇ ವಾರಗಳಲ್ಲಿ ಸತ್ತಾಗ ಪರೀಕ್ಷೆಯಲ್ಲಿ ಕಂಡದ್ದು ಡಿಸ್ಟೆಂಪರ್ ವೈರಸ್, ನಮ್ಮ ನಾಯಿಗಳಿಗೂ ತಗಲುವ ರೋಗ. ನಮ್ಮ ಕಾಡಿನ ಸೀಳುನಾಯಿಗಳೂ ಅದಕ್ಕೆ ಬಲಿಯಾಗಬಲ್ಲವು. ಕಾಡನ್ನು ಅವುಗಳ ಪಾಲಿಗೆ ಬಿಟ್ಟು ನಮಗೆ ತೋಟ, ಕೆರೆ ಏರಿ, ಕಬ್ಬನ್ ಪಾರ್ಕು ಸಾಕು.

ವಿಮೆ ಮಾಡಿಸಲೇ ಎಂದು ಓದುಗರು ಕೇಳುತ್ತಿರುತ್ತಾರೆ. ನಾಯಿಗೆ ಪಾಲಿಸಿ ಕೊಡುವ ಕಂಪನಿಗಳು ಇವೆ. ವಯಸ್ಸಿನ ಮಿತಿ, ಕಾಯುವ ಅವಧಿ, ಲಸಿಕೆ ತಪ್ಪಿದ್ದರೆ ಕ್ಲೇಮು ಇಲ್ಲ ಎಂಬ ಷರತ್ತುಗಳನ್ನು ಓದಿ ನಿರ್ಧರಿಸಿ. ನಿಮ್ಮ ನಾಯಿ ಅಪರಿಚಿತರ ಮೇಲೆ ಎರಗುವ ಸ್ವಭಾವದ್ದಾದರೆ, ಬೇರೆಯವರಿಗೆ ಆದ ಗಾಯದ ಹೊಣೆ ಹೊರುವ ಪಾಲಿಸಿಗೆ ಅರ್ಥವಿದೆ. ನಾನು ಆರಿಸಿಕೊಂಡದ್ದು ಬ್ಯಾಂಕಿನ ಒಂದು ವರ್ಷದ ಆರ್‌ಡಿ. ತಿಂಗಳಿಗೆ ₹1,000, ಶೇಕಡಾ ಆರೂವರೆ ಬಡ್ಡಿಯಾದರೆ ವರ್ಷದ ಕೊನೆಗೆ ₹12,400ರ ಆಸುಪಾಸು. ಅದರ ಮೊದಲ ಹಕ್ಕು ಆಸ್ಪತ್ರೆಗೆ. ಹಿಂದಿನ ವರ್ಷದ ದುಡ್ಡು ಮುಟ್ಟದೆ ಉಳಿದಿದ್ದರೆ ಹೊಸ ವರ್ಷದ್ದು ಪ್ರವಾಸಕ್ಕೆ. ಹೀಗೆ ಒಂದು ವರ್ಷದ ಕಂತು ಸದಾ ಕಾವಲಿಗಿರುತ್ತದೆ.

ಕೆಂಚಿಗೆ ಈಗ ಎಂಟು. ಮೂತಿಯ ಕೆಂಪು ಬೆಳ್ಳಗಾಗುತ್ತಿದೆ, ಏರುದಾರಿಯಲ್ಲಿ ನಡುನಡುವೆ ಕೂತುಬಿಡುತ್ತಾಳೆ. ಮನೆ ಸಾಲ ತೀರಲಿ, ಮಕ್ಕಳ ಪರೀಕ್ಷೆ ಮುಗಿಯಲಿ, ಆಮೇಲೆ ಹೋದರಾಯಿತು ಎನ್ನುವ ನಮ್ಮ ದೊಡ್ಡವರ ಲೆಕ್ಕ ಹದಿಮೂರು, ಹದಿನಾಲ್ಕು ವರ್ಷ ಬದುಕುವ ಜೀವಕ್ಕೆ ಹೊಂದುವುದಿಲ್ಲ. ಈ ಬಾರಿ ನಾವು ದೀಪಾವಳಿಯ ಗದ್ದಲ ಕಳೆದ ಮೇಲಿನ ವಾರವನ್ನು ಹಿಡಿದಿದ್ದೇವೆ. ಆಗ ಮಳೆ ಹಿಂದೆ ಸರಿದು ಜಿಗಣೆ ಕಡಿಮೆಯಾಗಿರುತ್ತದೆ, ಮಂಗನ ಕಾಯಿಲೆಯ ಕಾಲ ಇನ್ನೂ ಶುರುವಾಗಿರುವುದಿಲ್ಲ, ಅರೇಬಿಕಾ ಹಣ್ಣಾಗುತ್ತಿದ್ದರೂ ಕೊಯ್ಲಿನ ಗಡಿಬಿಡಿ ಪೂರ್ತಿ ಏರಿರುವುದಿಲ್ಲ, ಕೋಣೆಯ ದರವೂ ಇಳಿದಿರುತ್ತದೆ. ಮುಂಗಡ ₹2,000 ಕಳಿಸಿಯಾಗಿದೆ. ಗುಡ್ಡದ ದಾರಿ ಬೇಡ, ಹಳ್ಳದ ಪಕ್ಕದ ಸಪಾಟು ದಾರಿಯಲ್ಲಿ ನಡೆಸಿಕೊಂಡು ಹೋಗೋಣ ಎಂದು ತೋಟದವರೇ ಹೇಳಿದ್ದಾರೆ.