ತಾರ್ಲಿ ಒಂದೇ, ಗಾತ್ರ ಯಾಕೆ ಬೇರೆ?

ಪ್ರಶ್ನೆ: ನಮ್ಮಲ್ಲಿ ಸಂತೆಗೆ ಬರುವ ತಾರ್ಲಿ ಮೀನು ಒಮ್ಮೆ ಬೆರಳುದ್ದ, ಇನ್ನೊಮ್ಮೆ ಗೇಣುದ್ದ ಇರುತ್ತದೆ. ‘ಇದು ಕಾರವಾರದ್ದು, ಅದು ಕೇರಳದ್ದು’ ಅನ್ನುತ್ತಾರೆ. ಒಂದೇ ಜಾತಿಯ ಮೀನು ತೀರಕ್ಕೊಂದು ತೆರನಾಗಿ ಬೆಳೆಯುವುದುಂಟೆ?
– ಓದುಗರು, ಕೊಣ್ಣೂರ

ಉತ್ತರ: ಉಂಟು. ಕಡಲು ಕಾಣದ ಊರಿನಲ್ಲಿದ್ದೂ ಇದನ್ನು ಗಮನಿಸಿ ಕೇಳಿದ್ದೀರಿ, ಸಂತೋಷ. ಮಂಗಳೂರಿನವರು ಬೂತಾಯಿ, ಮಲಯಾಳಿಗಳು ಮತ್ತಿ ಎನ್ನುವುದು ಇದೇ ಮೀನಿಗೆ.

ಆದರೆ ಗಾತ್ರ ಕಂಡಕೂಡಲೇ ತೀರದ ಹೆಸರು ಹೇಳಲಾಗದು. ತಾರ್ಲಿ ಹೆಚ್ಚಾಗಿ ತತ್ತಿ ಇಡುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ದೀಪಾವಳಿಯ ಹೊತ್ತಿಗೆ ಬರುವ ಸಣ್ಣ ಮೀನು ಆ ಮಳೆಗಾಲದ ಮರಿ. ಒಂದು ವರ್ಷದಲ್ಲಿ ಅದು ಸುಮಾರು 15 ಸೆಂ.ಮೀ. ಆಗಿ ತತ್ತಿಗೆ ಬರುತ್ತದೆ. ಆದ್ದರಿಂದ ಹೋಲಿಸುವುದಾದರೆ ಒಂದೇ ತಿಂಗಳಲ್ಲಿ ಬಂದ ಮೀನುಗಳನ್ನು ಹೋಲಿಸಬೇಕು.

ಹಾಗೆ ನೋಡಿದರೂ ವ್ಯತ್ಯಾಸ ಉಳಿಯುತ್ತದೆ, ಅದಕ್ಕೆ ಮುಖ್ಯ ಕಾರಣ ಮೇವು. ಮುಂಗಾರು ಗಾಳಿ ಕೇರಳ ಮತ್ತು ದಕ್ಷಿಣ ಕರ್ನಾಟಕದ ತೀರದಿಂದ ಮೇಲ್ನೀರನ್ನು ಆಚೆ ತಳ್ಳಿದಾಗ, ಆಳದ ತಣ್ಣನೆಯ, ಸತ್ವಭರಿತ ನೀರು ಮೇಲಕ್ಕೆ ಬರುತ್ತದೆ. ಅದರಲ್ಲಿ ಹುಟ್ಟುವ ಸೂಕ್ಷ್ಮ ಸಸ್ಯಗಳೇ ತಾರ್ಲಿಯ ಮುಖ್ಯ ಊಟ. ಉತ್ತರಕ್ಕೆ ಹೋದಂತೆ ಈ ಏರಿಕೆ ತಗ್ಗುತ್ತದೆ. ಬಂಗಾಳ ಕೊಲ್ಲಿಯಲ್ಲಂತೂ ನದಿಗಳ ಸಿಹಿನೀರು ಮೇಲೆ ಹೊದಿಕೆಯಂತೆ ಕೂತು, ಕೆಳಗಿನ ಸತ್ವ ಸುಲಭವಾಗಿ ಮೇಲೆ ಬರಲು ಬಿಡುವುದಿಲ್ಲ.

ಮೇವಿದ್ದರೂ ಉಣ್ಣುವ ಬಾಯಿ ಹೆಚ್ಚಾದರೆ? ಒಂದೇ ಕಡೆಯ ರೋಹು ಮರಿಗಳನ್ನು ಎರಡು ಕೆರೆಗೆ ಬಿಟ್ಟು, ಒಂದರಲ್ಲಿ ಕಿಕ್ಕಿರಿಸಿ ನೋಡಿ, ಅಲ್ಲಿಯ ಮೀನು ಬಡಕಲಾಗಿಯೇ ಉಳಿಯುತ್ತದೆ. ಕೇರಳದ ಕಡಲಲ್ಲೂ ಇದೇ ಆಯಿತು. 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕ ಮತ್ತಿ 2021ರಲ್ಲಿ 3,500 ಟನ್ನಿನ ಆಸುಪಾಸಿಗೆ ಕುಸಿದಿತ್ತು. ಆದರೆ 2024ರ ಮುಂಗಾರು ಚೆನ್ನಾಗಿ ಆಗಿ ಮರಿಗಳು ವಿಪರೀತ ಹೆಚ್ಚಿದವು. ಮೇವು ಹಂಚಿಹೋಗಿ ಬೆಳವಣಿಗೆ ಕುಂಠಿತವಾಯಿತೆಂದು ಕೊಚ್ಚಿಯ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ವಿವರಿಸಿತು. ಕೇರಳದ್ದೆಂದರೆ ದೊಡ್ಡದೇ ಇರಬೇಕು ಎಂದೇನಿಲ್ಲ, ನೋಡಿ.

ಸಂತಾನದ ಕಾಲವೂ ಮಳೆ, ನೀರಿನ ಬಿಸಿ, ಮೇವು ಇವನ್ನು ನೋಡಿ ಹಿಂದುಮುಂದಾಗುತ್ತದೆ. ಮೀನುಗಾರಿಕೆ ನಿಷೇಧವೂ ಎಲ್ಲ ಕಡೆ ಒಂದೇ ಅಲ್ಲ: ಪಶ್ಚಿಮ ಕರಾವಳಿಯ ನಮ್ಮ ಯಾಂತ್ರಿಕ ದೋಣಿಗಳಿಗೆ ಜೂನ್, ಜುಲೈ, ಪೂರ್ವ ಕರಾವಳಿಗೆ ಏಪ್ರಿಲ್ 15ರಿಂದ ಜೂನ್ 14. ಹೀಗಾಗಿ ಒಂದೇ ಹೊತ್ತಿಗೆ ಬೇರೆ ಬೇರೆ ತೀರದಿಂದ ಬರುವ ಮೀನಿನ ವಯಸ್ಸೂ ಬೇರೆ ಇರಬಹುದು.

ಮುಂದಿನ ಸಲ ಮೀನು ಸೀಳಿದಾಗ ಹೊಟ್ಟೆ ನೋಡಿ. ಸಣ್ಣದರಲ್ಲೂ ತತ್ತಿ ತುಂಬಿದ್ದರೆ ಅದು ಮರಿಯಲ್ಲ, ವಯಸ್ಕ ಮೀನು; ಬೆಳವಣಿಗೆ ಕುಂಠಿತವಾಗಿರಬಹುದು.